ಫೀಸಿಲ್ಲದ ಓದಿನ ಖರ್ಚು (ಭಾಗ 17)

ಹೋದ ಭಾನುವಾರ ಬರೆಯೋಕೆ ಆಗಲಿಲ್ಲ, ಮೂರು ನೈಟ್ ಒಟ್ಟಿಗೆ ಬಿದ್ದಿದ್ದವು. ಈ ವಾರ ಇಲ್ಲಿನ ಚಳಿಗಾಲದ ಬಗ್ಗೆ ಬರೀತೀನಿ ಅಂತ ಹೇಳಿದ್ದೆ, ಅದು ಮುಂದಕ್ಕೆ ಹೋಯ್ತು. ಯಾಕಂದ್ರೆ ಊರಿಂದ ಎರಡು ಫೋನ್ ಬಂದವು, ಎರಡೂ ಓದಿನ ವಿಚಾರಕ್ಕೆ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡೋ ಬದಲು ಇಲ್ಲೇ ಬರೆದುಬಿಡ್ತೀನಿ. ಕೇಳೋಕೆ ಸಂಕೋಚಪಟ್ಟವರಿಗೂ ತಲುಪಲಿ.

ಮೊದಲನೇ ಫೋನ್ ಹೊಳಲ್ಕೆರೆಯಿಂದ, ನಮ್ಮ ಮಾವನವರದು. ಅವರು ಈ ಬರಹ ಓದ್ತಾರೆ, ಅವರಿಗೆ ಹೇಳಿಯೇ ಬರೀತಿದ್ದೀನಿ. "ಬಿ.ಎಡ್ ಮಾಡ್ಕೊಂಡು ಹದಿಮೂರು ವರ್ಷ ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡಿದೋನು, ನಲವತ್ತೆರಡನೇ ವಯಸ್ಸಿಗೆ ಮತ್ತೆ ಬ್ಯಾಗ್ ಹಾಕ್ಕೊಂಡು ಕಾಲೇಜಿಗೆ ಹೋಗ್ತಾನಂತೆ, ಅದೂ ನರ್ಸಿಂಗ್‌ಗೆ. ಓದೋದಾದ್ರೆ ನೀನು ಓದ್ಬೇಕಿತ್ತಲ್ಲಮ್ಮ, ಸಂಬಳ ನಿಂದು ತಾನೇ ಜಾಸ್ತಿ?" ಅಂದರು. ಕೋಪದಲ್ಲಿ ಕೇಳಿದ್ದಲ್ಲ. ಸಂತೆಯಲ್ಲಿ ಯಾರೋ ಏನೋ ಅಂದಿರಬೇಕು.

ಎರಡನೇದು ದಾವಣಗೆರೆಯಿಂದ, ನನ್ನ ಜೊತೆ ಜಿಎನ್‌ಎಂ ಓದಿದವಳ ತಂಗಿ. ಅವಳ ವಿಷಯಕ್ಕೆ ಆಮೇಲೆ ಬರ್ತೀನಿ.

ಮಾವ, ಮೊದಲು ಅವರು ಏನು ಓದ್ತಿದ್ದಾರೆ ಅಂತ ಹೇಳ್ತೀನಿ, ಫೋನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ. ಇಂಗ್ಲೆಂಡಿನಲ್ಲಿ ನರ್ಸಿಂಗ್ ಅಸೋಸಿಯೇಟ್ ಅಂತ ಒಂದು ಹುದ್ದೆ ಇದೆ. ಹೆಲ್ತ್‌ಕೇರ್ ಅಸಿಸ್ಟೆಂಟಿಗೂ ನನ್ನಂಥ ನರ್ಸಿಗೂ ನಡುವಿನದು. ಎರಡು ವರ್ಷದ ಕೋರ್ಸು, ಮುಗಿದ ಮೇಲೆ ನನ್ನ ಹೆಸರು ಇರೋ ಎನ್‌ಎಂಸಿ ರಿಜಿಸ್ಟರಿನಲ್ಲೇ ಇನ್ನೊಂದು ಭಾಗದಲ್ಲಿ ಅವರ ಹೆಸರೂ ಬರುತ್ತೆ. ಅಲ್ಲಿಂದ ಮುಂದೆ ಇನ್ನೆರಡು ವರ್ಷದ ಹತ್ತಿರ ಓದಿದರೆ ಪೂರ್ತಿ ನರ್ಸ್. ಅವರು ಸೇರಿರೋದು ಅಪ್ರೆಂಟಿಸ್ ಆಗಿ. ಅಂದ್ರೆ ಆಸ್ಪತ್ರೆಯ ನೌಕರ, ತಿಂಗಳ ಸಂಬಳ ಇದೆ. ವಾರಕ್ಕೊಂದು ದಿನ ಯೂನಿವರ್ಸಿಟಿ, ಉಳಿದ ದಿನ ವಾರ್ಡು. ಫೀಸು ನಮ್ಮ ಜೇಬಿಂದ ಒಂದು ಪೈಸೆ ಇಲ್ಲ.

"ಯಾರು ಪುಕ್ಕಟೆ ಓದಿಸ್ತಾರೆ?" ಅಂತ ನನ್ನ ತಮ್ಮ ಅನುಮಾನಪಟ್ಟ. ಪುಕ್ಕಟೆ ಅಲ್ಲಪ್ಪ. ಇಲ್ಲಿ ವರ್ಷಕ್ಕೆ 30 ಲಕ್ಷ ಪೌಂಡಿಗಿಂತ ಹೆಚ್ಚು ಸಂಬಳ ಕೊಡೋ ಯಾವುದೇ ಸಂಸ್ಥೆ, ಅದರ ಮೇಲಿನ ಮೊತ್ತಕ್ಕೆ ನೂರಕ್ಕೆ ಅರ್ಧ ಪೌಂಡಿನಂತೆ ಲೆವಿ ಅಂತ ಕಟ್ಟಬೇಕು. 2017ರಿಂದ ಬಂದ ನಿಯಮ. ಆ ದುಡ್ಡನ್ನು ಅಪ್ರೆಂಟಿಸ್‌ಗಳ ತರಬೇತಿಗೆ ಬಳಸಿಕೊಳ್ಳಬಹುದು, ನಿಗದಿತ ಅವಧಿಯೊಳಗೆ ಬಳಸದಿದ್ದರೆ ಸರ್ಕಾರದ ಪಾಲು. ಹಾಗಾಗಿ ದೊಡ್ಡ ಆಸ್ಪತ್ರೆಯಲ್ಲಿ ಓದಿಸಿ ಅಂತ ಕೇಳೋದು ದಯೆ ಬೇಡಿದ ಹಾಗಲ್ಲ. ಇದು ನನಗೆ ಗೊತ್ತಾಗೋಕೆ ನಾಲ್ಕು ವರ್ಷ ಬೇಕಾಯ್ತು. ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ್ದರು, ನಾನು ದಿನಾ ಅದರ ಮುಂದೆಯೇ ಓಡಾಡ್ತಿದ್ದೆ.

ಇದೇ ನರ್ಸಿಂಗ್ ಡಿಗ್ರಿಯನ್ನು ಕಾಲೇಜಿಗೆ ಸೇರಿ ಓದಿದ್ದರೆ? ಇಲ್ಲಿನವರಿಗೇ 2025-26ರ ಫೀಸು 9,535 ಪೌಂಡ್ ಇತ್ತು. ಮೂರು ವರ್ಷಕ್ಕೆ 28,605. ಪೌಂಡಿಗೆ 115 ರೂಪಾಯಿ ಅಂತ ಹಿಡಿದರೂ 33 ಲಕ್ಷದ ಹತ್ತಿರ. ಇಲ್ಲಿನವರಿಗೆ ಸರ್ಕಾರವೇ ಸಾಲ ಕೊಡುತ್ತೆ, ನರ್ಸಿಂಗ್ ಓದೋರಿಗೆ ವರ್ಷಕ್ಕೆ 5,000 ಪೌಂಡ್ ವಾಪಸ್ ಕೊಡಬೇಕಿಲ್ಲದ ಸಹಾಯಧನವೂ ಇದೆ, ಮಕ್ಕಳಿದ್ದರೆ ಅದರ ಮೇಲೆ 2,000. ನಮ್ಮ ಮೇಷ್ಟ್ರಿಗೆ ಅದ್ಯಾವುದೂ ಇಲ್ಲ. ಅವರು ನನ್ನ ಅವಲಂಬಿತರ ವೀಸಾದಲ್ಲಿ ಬಂದವರು, ಆ ವೀಸಾದಲ್ಲೇ ಬರೆದಿರುತ್ತೆ, ಸರ್ಕಾರಿ ನೆರವಿಗೆ ಹಕ್ಕಿಲ್ಲ ಅಂತ. ಸೇರಬೇಕಾದರೆ ವಿದೇಶಿ ವಿದ್ಯಾರ್ಥಿ ಫೀಸು, ಅದು ಇನ್ನೂ ಎಷ್ಟೋ ಹೆಚ್ಚು. ಅಪ್ರೆಂಟಿಸ್ ಆಗೋಕೆ ಮಾತ್ರ ಇಲ್ಲಿ ಮೂರು ವರ್ಷ ನೆಲೆಸಿ, ಕೆಲಸ ಮಾಡೋ ಹಕ್ಕಿದ್ದರೆ ಸಾಕು. 2021ರ ಅಕ್ಟೋಬರಲ್ಲಿ ಮಕ್ಕಳನ್ನು ಕರ್ಕೊಂಡು ಬಂದರು, 2024ರ ಅಕ್ಟೋಬರಿಗೆ ಮೂರು ವರ್ಷ ಆಯ್ತು, ಆಮೇಲೆ ಅರ್ಜಿ ಹಾಕಿದರು.

"ಅಲ್ಲಿ ಸರ್ಕಾರ ಎಲ್ಲಾ ಕೊಡುತ್ತಂತೆ" ಅಂತ ಊರಲ್ಲಿ ಕೇಳಿ ಕೇಳಿ ಸಾಕಾಗಿದೆ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ. ಕೊಡೋದು ಇರಲಿ, ನಮ್ಮಿಂದ ಎಷ್ಟು ತಗೊಳ್ಳುತ್ತೆ ನೋಡಿ. ಇಲ್ಲಿ ಖಾಯಂ ನಿಲ್ಲೋ ಅನುಮತಿ, ಐಎಲ್‌ಆರ್, ನನಗೆ 2025ರ ಜನವರಿಯಲ್ಲಿ ಸಿಕ್ತು, ಫೀಸು 2,885 ಪೌಂಡ್. 2025ರ ಏಪ್ರಿಲಿನಿಂದ ಅದು ತಲೆಗೆ 3,029 ಆಯ್ತು. ಆ ದರದಲ್ಲಿ ಇವರಿಗೆ, ಮಗನಿಗೆ, ಮಗಳಿಗೆ ಸೇರಿ 9,087, ಹತ್ತು ಲಕ್ಷ ರೂಪಾಯಿಯ ಮೇಲೆ. ಇವರ ಐದು ವರ್ಷ 2026ರ ಅಕ್ಟೋಬರಿಗೆ ತುಂಬುತ್ತೆ. 2025ರ ಮೇ ತಿಂಗಳಲ್ಲಿ ಸರ್ಕಾರ ಐದನ್ನು ಹತ್ತು ಮಾಡೋ ಪ್ರಸ್ತಾಪ ಇಟ್ಟಿತು. ಹಾಗಂತ ದುಡ್ಡು ಕೂಡಿಡದೆ ಇರೋಕಾಗುತ್ತಾ? ತಿಂಗಳಿಗೆ 600 ಪೌಂಡ್ ಅದಕ್ಕೇ ಎತ್ತಿಡ್ತಿದ್ದೀವಿ. "ಐಎಲ್‌ಆರ್ ಬಂದ ಮೇಲೆ ಓದಿದ್ರಾಯ್ತು" ಅಂತ ಕೂತಿದ್ದರೆ, ಹತ್ತು ವರ್ಷ ಅಂತ ಆಗಿಬಿಟ್ಟರೆ ಅವರಿಗೆ ನಲವತ್ತೆಂಟು ದಾಟಿರುತ್ತಿತ್ತು.

ಈಗ ನಾನು ನಿಜವಾಗಿ ಹೇಳಬೇಕು ಅಂತಿರೋ ವಿಷಯ. ಫೀಸು ಸೊನ್ನೆ ಅಂದೆನಲ್ಲ, ಆ ಕೋರ್ಸಿಗೆ ನಮಗೆ ಎಷ್ಟು ಖರ್ಚಾಗುತ್ತೆ ಅಂತ ಒಂದು ರಾತ್ರಿ ಕೂತು ಲೆಕ್ಕ ಹಾಕಿದೆವು.

ಮೊದಲು ಇವರು ಬ್ಯಾಂಕ್ ಕೆಲಸ ಮಾಡ್ತಿದ್ದರು. (ದುಡ್ಡಿನ ಬ್ಯಾಂಕ್ ಅಲ್ಲ! ಆಸ್ಪತ್ರೆಯಲ್ಲಿ ಬೇಕಾದಾಗ ಕರೆಯೋ ಬಿಡಿ ಕೆಲಸಗಾರರ ಪಟ್ಟಿಗೆ ಇಲ್ಲಿ ಬ್ಯಾಂಕ್ ಅಂತಾರೆ. ಮಗ ಬ್ಯಾಂಕಲ್ಲಿದ್ದಾನೆ ಅಂತ ನಮ್ಮ ಅತ್ತೆ ಒಂದು ವರ್ಷ ಎಲ್ಲರಿಗೂ ಹೇಳಿದ್ದರು, ಪಾಪ.) ವಾರಕ್ಕೆ ಮೂರು ನೈಟ್. ರಾತ್ರಿ ಮತ್ತು ಭಾನುವಾರಕ್ಕೆ ಹೆಚ್ಚುವರಿ ಸೇರಿ ಕೈಗೆ 1,930 ಬರೋದು. ಈಗ ಅಪ್ರೆಂಟಿಸ್ ಆಗಿ ಬ್ಯಾಂಡ್ 3, 2025-26ರ ದರದಲ್ಲಿ ವರ್ಷಕ್ಕೆ 24,937, ಎಲ್ಲಾ ಕಳೆದು ತಿಂಗಳಿಗೆ 1,680. ಅಲ್ಲಿಗೆ 250 ಹೋಯ್ತು.

ಅದಕ್ಕಿಂತ ದೊಡ್ಡದು ಮಕ್ಕಳ ಲೆಕ್ಕ. ಇವರು ನೈಟ್ ಮಾಡ್ತಿದ್ದಾಗ ಬೆಳಿಗ್ಗೆ ಬಂದು, ಮಕ್ಕಳನ್ನು ಶಾಲೆಗೆ ಬಿಟ್ಟು, ಮಲಗಿ, ಮೂರು ಗಂಟೆಗೆ ಎದ್ದು ಕರ್ಕೊಂಡು ಬರೋರು. ಈಗ ಹಗಲು ಇವರೂ ಇಲ್ಲ. ನನ್ನ ಲಾಂಗ್ ಡೇ ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಎಂಟು. ಶಾಲೆ ಒಂಬತ್ತರಿಂದ ಮೂರೂಕಾಲು. ಆ ಮುಂಚಿನದು ಮತ್ತು ಆಮೇಲಿನದು ಯಾರಾದರೂ ನೋಡಬೇಕು. ಪಕ್ಕದ ಮನೆ ಅಜ್ಜಿಗೆ ಹೇಳಿ ಹೋಗೋಕೆ ಇದು ನಮ್ಮ ಕೇರಿ ಅಲ್ಲ. ಶಾಲೆಯಲ್ಲೇ ಬೆಳಗಿನ ಕ್ಲಬ್, ಸಂಜೆ ಕ್ಲಬ್ ಇದೆ, ಇಬ್ಬರಿಗೂ ಸೇರಿ ದಿನಕ್ಕೆ 45 ಪೌಂಡ್. ನನಗೆ ಐಎಲ್‌ಆರ್ ಬಂದ ಮೇಲೆ ಒಂದು ಸಹಾಯ ಸಿಕ್ಕಿದೆ, ಸರ್ಕಾರದ ಖಾತೆಗೆ ನಾವು 8 ಪೌಂಡ್ ಹಾಕಿದರೆ ಅವರು 2 ಸೇರಿಸ್ತಾರೆ. ಹಾಗಾಗಿ 36. ಮಕ್ಕಳಿರೋ ಕನ್ನಡದವರು ಇಲ್ಲಿ ಯಾರಾದರೂ ಓದ್ತಿದ್ದರೆ, ನಿಮಗೆ ಐಎಲ್‌ಆರ್ ಆಗಿದ್ದರೆ ಈ ಟ್ಯಾಕ್ಸ್ ಫ್ರೀ ಚೈಲ್ಡ್‌ಕೇರ್ ಖಾತೆ ತೆರೆದಿದ್ದೀರಾ ಅಂತ ಒಮ್ಮೆ ನೋಡಿಕೊಳ್ಳಿ. ನನಗೆ ಗೊತ್ತಾಗದೆ ನಾಲ್ಕು ತಿಂಗಳು ಪೂರ್ತಿ ದುಡ್ಡು ಕಟ್ಟಿದೆ.

ವಾರಕ್ಕೆ ಎರಡು ದಿನ ಕ್ಲಬ್ಬು, ವರ್ಷಕ್ಕೆ 39 ವಾರ ಶಾಲೆ, 2,808. ರಜೆ ದಿನಗಳ ಕ್ಲಬ್ಬಿಗೆ ಇನ್ನೊಂದು 500. ಸಂಬಳದಲ್ಲಿ ಖೋತಾ 3,000. ಒಟ್ಟು ವರ್ಷಕ್ಕೆ 6,300. ಎರಡು ವರ್ಷಕ್ಕೆ 12,600 ಪೌಂಡ್, ಹದಿನಾಲ್ಕೂವರೆ ಲಕ್ಷ ರೂಪಾಯಿ. ಫೀಸಿಲ್ಲದ ಕೋರ್ಸಿನ ಖರ್ಚು ಇದು!

ಈ ಅಂಕಿ ನೋಡಿ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನ್ನ ಕೈಗೆ ಬರೋದು 2,290. ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್, ಗ್ಯಾಸು ಕರೆಂಟು, ಕಾರು, ತಂಗಿ ಮದುವೆ ಸಾಲದ ಕಂತು, ಊರಿಗೆ ಕಳಿಸೋದು, ಐಎಲ್‌ಆರ್ ಗಂಟು ಎಲ್ಲಾ ಕಳೆದರೆ ಇಬ್ಬರ ಸಂಬಳದಲ್ಲಿ ಉಳಿಯೋದು ನೂರು ಪೌಂಡಿನ ಒಳಗೆ. ಬಾಯ್ಲರ್ ಕೆಟ್ಟರೆ ಅದೂ ಇಲ್ಲ, ಬಾಡಿಗೆ ಮನೆ ಆದ್ದರಿಂದ ಅದು ಮಾಲೀಕರ ಖರ್ಚು ಅನ್ನೋದೇ ಸಮಾಧಾನ.

ಅದಕ್ಕೇ ನಾನು ಹೇಳೋದು: ಮಕ್ಕಳಿರೋರು ಓದೋಕೆ ಹೊರಟರೆ ಎಲ್ಲರೂ ಫೀಸು ಎಷ್ಟು ಅಂತ ಕೇಳ್ತಾರೆ. ಫೀಸಿಗೆ ಸಾಲ ಹುಟ್ಟಬಹುದು, ಧಣಿ ಕಟ್ಟಬಹುದು, ಸರ್ಕಾರ ಕಟ್ಟಬಹುದು. ಮಕ್ಕಳ ಜೊತೆ ಇರಬೇಕಾದ ಗಂಟೆಗಳನ್ನು ಯಾರು ಕಟ್ಟಿಕೊಡ್ತಾರೆ ಅನ್ನೋದೇ ನಿಜವಾದ ಪ್ರಶ್ನೆ. ಅದನ್ನು ಯಾವ ಕಾಲೇಜಿನವರೂ ಕೇಳಲ್ಲ, ನಾವೂ ಮನೆಯಲ್ಲಿ ಬಾಯಿಬಿಟ್ಟು ಮಾತಾಡಲ್ಲ. ಮನೆಯಲ್ಲಿ ಒಬ್ಬರು ಹೇಗೂ ನೋಡ್ಕೋತಾರೆ ಅಂದ್ಕೊಂಡು ಸುಮ್ಮನಾಗ್ತೀವಿ.

ನಾನೇ ಹಾಗೆ ಮಾಡಿದೆ. 2020ರ ಜನವರಿಯಲ್ಲಿ ನಾನು ಬಂದಾಗ ದೊಡ್ಡವನಿಗೆ ನಾಲ್ಕು ವರ್ಷ, ಚಿಕ್ಕವಳಿಗೆ ಒಂದೂವರೆ. ಓಸ್ಕಿ ಪರೀಕ್ಷೆ ಮುಗಿಸಿ, ಆರು ತಿಂಗಳಲ್ಲಿ ಎಲ್ಲರನ್ನೂ ಕರೆಸ್ಕೋತೀನಿ ಅಂತ ಹೇಳಿ ಬಂದಿದ್ದೆ. ಮಾರ್ಚಲ್ಲಿ ಕೋವಿಡ್, ಪರೀಕ್ಷಾ ಕೇಂದ್ರಗಳು ಮುಚ್ಚಿದವು, ನಮ್ಮನ್ನು ತಾತ್ಕಾಲಿಕ ರಿಜಿಸ್ಟರಿಗೆ ಹಾಕಿ ವಾರ್ಡಿಗೆ ಇಳಿಸಿದರು. ಆರು ತಿಂಗಳು ಹೋಗಿ ಇಪ್ಪತ್ತೊಂದು ತಿಂಗಳಾಯ್ತು. ಅಷ್ಟೂ ದಿನ ಎರಡು ಮಕ್ಕಳನ್ನು ನೋಡ್ಕೊಂಡಿದ್ದು ನಮ್ಮ ಅತ್ತೆ. ಇವರು ಶಾಲೆ, ಆನ್‌ಲೈನ್ ಪಾಠ ಅಂತ ಇದ್ದರು, ಮಾವ ತೋಟ. ಸ್ನಾನ, ಊಟ, ಜ್ವರ, ರಾತ್ರಿ ಅಳು ಎಲ್ಲಾ ಅತ್ತೆಯದು. ಅವರ ಮೊಣಕಾಲು ನೋವು ಶುರುವಾಗಿದ್ದು ಆಗಲೇ, ಮಗಳನ್ನು ಸೊಂಟದ ಮೇಲೆ ಹೊತ್ತು ಮಹಡಿ ಹತ್ತಿ ಇಳಿದು.

ಮಗಳು ಇಲ್ಲಿ ಏರ್‌ಪೋರ್ಟಲ್ಲಿ ಇಳಿದಾಗ ನನ್ನ ಹತ್ತಿರ ಬರಲಿಲ್ಲ. ಫೋನಲ್ಲಿ ಕಾಣೋ ಅಮ್ಮನೇ ಬೇರೆ, ಇವಳೇ ಬೇರೆ ಅಂದ್ಕೊಂಡಳೋ ಏನೋ. ಅವರಪ್ಪನ ಅಂಗಿ ಹಿಡ್ಕೊಂಡು "ಅಜ್ಜಿ ಎಲ್ಲಿ?" ಅಂದಳು.

ನನ್ನ ಓಸ್ಕಿ ಫೀಸನ್ನು ಆಸ್ಪತ್ರೆ ಕಟ್ಟಿತು, ವಿಮಾನದ ಟಿಕೆಟ್ಟನ್ನೂ ಕೊಟ್ಟಿತು. "ಒಂದು ರೂಪಾಯಿ ಖರ್ಚಿಲ್ಲದೆ ಲಂಡನ್‌ಗೆ ಹೋದಳು" ಅಂತ ಊರಲ್ಲಿ ಮಾತು. (ಲಂಡನ್ ಅಲ್ಲ, ಮಿಡ್‌ಲ್ಯಾಂಡ್ಸ್. ಎಷ್ಟು ಸಲ ಹೇಳಲಿ.) ಆ ಖರ್ಚು ಇತ್ತು, ಅತ್ತೆ ಕಟ್ಟಿದರು. ನಾವ್ಯಾರೂ ಅದನ್ನು ಲೆಕ್ಕದ ಪುಸ್ತಕದಲ್ಲಿ ಬರೀಲಿಲ್ಲ, ಅಷ್ಟೇ.

ಈ ಸಲ ಹಾಗಾಗಬಾರದು ಅಂತ ಮೊದಲೇ ಕೂತು ಮಾತಾಡಿದೆವು. "ಅತ್ತೆನ ಆರು ತಿಂಗಳು ಕರೆಸ್ಕೊಳ್ಳಿ" ಅಂತ ಸುಮಾರು ಜನ ಸಲಹೆ ಕೊಟ್ಟರು. ವಿಸಿಟರ್ ವೀಸಾದಲ್ಲಿ ಬಂದು ಮೊಮ್ಮಕ್ಕಳ ಜೊತೆ ಇದ್ದು ಹೋಗಬಹುದು, ಮಕ್ಕಳನ್ನು ನೋಡಿಕೊಳ್ಳೋ ಕೆಲಸಕ್ಕೆ ಅಂತ ಕರೆಸೋ ಹಾಗಿಲ್ಲ. ನಿಯಮ ಬಿಡಿ, ಎರಡನೇ ಸಲ ಅವರ ಹತ್ತಿರ ಕೇಳೋಕೆ ನನಗೆ ಮುಖ ಇಲ್ಲ.

ಹಾಗಾದರೆ ಗಂಟೆಗಳು ಎಲ್ಲಿಂದ ಬಂದವು? ಅರ್ಧ ಕ್ಲಬ್ಬಿನಿಂದ, ಅರ್ಧ ನನ್ನಿಂದ. ಮಾವ, ನೀವು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಈ ವರ್ಷ ನನಗೂ ಒಂದು ಸೀಟು ಬಂದಿತ್ತು. ನರ್ಸ್ ತಾನೇ ಔಷಧಿ ಬರೆದುಕೊಡೋ ಅರ್ಹತೆಯ ಕೋರ್ಸು. ವಾರ್ಡಿನಿಂದ ಒಬ್ಬರ ಹೆಸರು ಕಳಿಸೋದು, ನನ್ನದನ್ನು ಕಳಿಸಿದ್ದರು, ಫೀಸು ಆಸ್ಪತ್ರೆಯದೇ. ಇವರದೂ ಸೆಪ್ಟೆಂಬರ್, ನನ್ನದೂ ಸೆಪ್ಟೆಂಬರ್. ಇಬ್ಬರೂ ಒಟ್ಟಿಗೆ ಓದೋಕೆ ಕೂತರೆ ಮಕ್ಕಳಿಗೆ ಅನ್ನ ಹಾಕೋರು ಯಾರು? ನಾನು ಸೀಟು ವಾಪಸ್ ಕೊಟ್ಟೆ. ಮುಂದಿನ ವರ್ಷ ನೋಡೋಣ ಅಂದರು, ಮುಂದಿನ ವರ್ಷದ ದುಡ್ಡಿನ ವಿಷಯ ಯಾರಿಗೂ ಗೊತ್ತಿಲ್ಲ. ಬೇಜಾರಾಗಿಲ್ಲ ಅಂತ ಸುಳ್ಳು ಹೇಳಲ್ಲ. ಆ ಸೀಟಿಗೆ ಹೋದ ಹುಡುಗಿ ಊಟದ ಹೊತ್ತಲ್ಲಿ ಪುಸ್ತಕ ಬಿಚ್ಚಿದರೆ ನಾನು ಬೇರೆ ಟೇಬಲಿಗೆ ಹೋಗಿ ಕೂತ್ಕೋತೀನಿ.

ಆದರೂ ಇವರೇ ಮೊದಲು ಓದಬೇಕು ಅಂತ ನಾನೇ ಹಟ ಹಿಡಿದಿದ್ದು. ಯಾಕೆ ಅಂದ್ರೆ ಇಷ್ಟು ವರ್ಷ ಇಡೀ ಮನೆ ನನ್ನ ಒಂದು ರಿಜಿಸ್ಟ್ರೇಷನ್ ಮೇಲೆ ನಿಂತಿದೆ. ವೀಸಾ, ಬಾಡಿಗೆ, ಊರಿನ ಕಂತು, ಎಲ್ಲಾ. ನನಗೆ ಬೆನ್ನು ಹಿಡ್ಕೊಂಡು ಮೂರು ತಿಂಗಳು ಮಲಗಿದರೆ? ಒಂದೇ ಕಂಬದ ಚಪ್ಪರ ಅದು. ನನ್ನ ಕೋರ್ಸಿನಿಂದ ಆ ಕಂಬ ಇನ್ನೂ ಸ್ವಲ್ಪ ದಪ್ಪ ಆಗ್ತಿತ್ತು, ಇವರ ಓದಿನಿಂದ ಎರಡನೇ ಕಂಬ ಬರುತ್ತೆ.

ಇನ್ನೊಂದು ಕಾರಣ ಇದೆ. ಹದಿಮೂರು ವರ್ಷ ಕ್ಲಾಸಲ್ಲಿ ನಿಂತು ಮಾತಾಡಿದ ಮನುಷ್ಯ ಮೂರು ವರ್ಷ ರಾತ್ರಿ ಹೊತ್ತು ಕಾರಿಡಾರಲ್ಲಿ ಸುಮ್ಮನೆ ಓಡಾಡಿದರೆ ಏನಾಗುತ್ತೆ ಅಂತ ನಾನು ನೋಡಿದ್ದೀನಿ. ಊರಿಂದ ತಂದ ಪುಸ್ತಕಗಳು ಸೂಟ್‌ಕೇಸಿಂದ ಆಚೆ ಬಂದಿರಲಿಲ್ಲ. ಇಲ್ಲಿ ಕನ್ನಡ ಮೇಷ್ಟ್ರಿಗೆ ಯಾವ ಶಾಲೆಯಲ್ಲಿ ಕೆಲಸ ಇದೆ ಹೇಳಿ? ಶನಿವಾರ ನಾಲ್ಕಾರು ಮಕ್ಕಳಿಗೆ ಅ ಆ ಇ ಈ ಹೇಳಿಕೊಡ್ತಾರೆ, ಅದು ಪ್ರೀತಿಗೆ.

ಸೇರೋಕೂ ಸುಲಭ ಇರಲಿಲ್ಲ. ಕನ್ನಡ ಮಾಧ್ಯಮದ ಬಿ.ಎ. ಆದ್ದರಿಂದ ಇಲ್ಲಿನ ಫಂಕ್ಷನಲ್ ಸ್ಕಿಲ್ಸ್ ಪರೀಕ್ಷೆ ಬರೆಯಬೇಕಾಯ್ತು, ಇಂಗ್ಲಿಷ್ ಮತ್ತು ಗಣಿತ. ಇಂಗ್ಲಿಷ್ ಮೊದಲ ಸಲವೇ ಪಾಸ್. ಗಣಿತ ಫೇಲ್. (ಇದನ್ನು ಬರೆಯೋಕೆ ಅವರ ಅಪ್ಪಣೆ ತಗೊಂಡಿದ್ದೀನಿ.) ಆಮೇಲೆ ಐದನೇ ಕ್ಲಾಸಿನ ಮಗ ಅಪ್ಪನಿಗೆ ಭಿನ್ನರಾಶಿ ಹೇಳಿಕೊಟ್ಟ. "ಅಪ್ಪಾ, ನೀನು ನಿನ್ನ ಸ್ಕೂಲಲ್ಲಿ ಬೇರೆಯವರಿಗೆ ಮಾರ್ಕ್ಸ್ ಹೇಗೆ ಕೊಡ್ತಿದ್ದೆ?" ಅಂತ ಕೇಳಿದ. ಎರಡನೇ ಸಲ ಪಾಸ್.

ನನ್ನ ರೋಟಾ ಬದಲಾಯಿಸೋದು ಇನ್ನೊಂದು ಯುದ್ಧ. ಕೆಲಸದ ದಿನ, ವೇಳೆ ಬದಲಾಯಿಸಿಕೊಡಿ ಅಂತ ಕೇಳೋ ಹಕ್ಕು ಇಲ್ಲಿ 2024ರ ಏಪ್ರಿಲಿನಿಂದ ಕೆಲಸದ ಮೊದಲ ದಿನದಿಂದಲೇ ಇದೆ, ವರ್ಷಕ್ಕೆ ಎರಡು ಸಲ ಕೇಳಬಹುದು, ಎರಡು ತಿಂಗಳೊಳಗೆ ಉತ್ತರ ಕೊಡಬೇಕು. ಕೇಳೋ ಹಕ್ಕು ಅಷ್ಟೇ, ಕೊಡಲೇಬೇಕು ಅಂತಿಲ್ಲ. ಮೊದಲ ಅರ್ಜಿಗೆ ಆಗಲ್ಲ ಅಂದರು. ನಾನು ಮಕ್ಕಳು, ಕಷ್ಟ ಅಂತ ಬರೆದಿದ್ದೆ. ಎರಡನೇ ಸಲ ನಮ್ಮ ವಾರ್ಡಿನ ಒಬ್ಬ ಹಿರಿಯ ಮಲಯಾಳಿ ಸಿಸ್ಟರ್ ಹೇಳಿಕೊಟ್ಟ ಹಾಗೆ ಬರೆದೆ: ಮಂಗಳವಾರ, ಗುರುವಾರ ಬಿಟ್ಟುಕೊಡಿ, ಬದಲಿಗೆ ತಿಂಗಳಿಗೆ ಎರಡು ವೀಕೆಂಡ್ ನಾನೇ ಮಾಡ್ತೀನಿ. ಒಪ್ಪಿದರು. ವೀಕೆಂಡ್ ಇವರು ಮನೆಯಲ್ಲಿರ್ತಾರೆ. ನಾವಿಬ್ಬರೂ ಒಟ್ಟಿಗೆ ಕೂತು ಊಟ ಮಾಡೋದು ಈಗ ವಾರಕ್ಕೆ ಎರಡು ಸಲ.

ಇನ್ನು ದಾವಣಗೆರೆಯ ತಂಗಿ. ಅವಳು ಜಿಎನ್‌ಎಂ ಆದ ಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್‌ಸಿಯನ್ನೂ ಮುಗಿಸಿದ್ದಾಳೆ, ಖಾಸಗಿ ಆಸ್ಪತ್ರೆಯಲ್ಲಿ 18,000 ಸಂಬಳ, ನಾಲ್ಕು ವರ್ಷದ ಮಗು. ಒಬ್ಬ ಕನ್ಸಲ್ಟೆನ್ಸಿಯವನು ಇಲ್ಲಿ ಹೆಲ್ತ್‌ಕೇರ್ ಮ್ಯಾನೇಜ್‌ಮೆಂಟಿನಲ್ಲಿ ಒಂದು ವರ್ಷದ ಮಾಸ್ಟರ್ಸ್ ಮಾಡಿಸ್ತೀನಿ, ಹೋದ ಮೇಲೆ ನರ್ಸ್ ಕೆಲಸ ತಾನಾಗೇ ಸಿಗುತ್ತೆ, ಆಮೇಲೆ ಮಗುನೂ ಗಂಡನನ್ನೂ ಕರೆಸ್ಕೋಬಹುದು ಅಂದಿದ್ದಾನೆ. ಅಡಿಕೆ ತೋಟ ಅಡ ಇಡೋ ಮಾತು ನಡೀತಿದೆ. "ಅಕ್ಕ, ನಿಮ್ಮ ಅಭಿಪ್ರಾಯ ಹೇಳಿ" ಅಂದಳು.

ನನ್ನ ಅಭಿಪ್ರಾಯ, ಬೇಡ. ಆ ಮಾಸ್ಟರ್ಸ್ ಮಾಡಿದರೆ ಇಲ್ಲಿ ನರ್ಸ್ ಆಗಲ್ಲ. ಅದಕ್ಕೆ ಎನ್‌ಎಂಸಿಯ ದಾರಿಯೇ ಬೇರೆ, ಐಇಎಲ್‌ಟಿಎಸ್ ಅಥವಾ ಒಇಟಿ, ಕಂಪ್ಯೂಟರ್ ಪರೀಕ್ಷೆ, ಓಸ್ಕಿ. ಆ ದಾರಿಗೆ ಮಾಸ್ಟರ್ಸ್ ಬೇಕಾಗೇ ಇಲ್ಲ. 2024ರ ಜನವರಿಯಿಂದ ಇಂಥ ಕೋರ್ಸಿಗೆ ಬರೋರು ಗಂಡ, ಹೆಂಡತಿ, ಮಕ್ಕಳನ್ನು ಕರೆತರೋ ಹಾಗಿಲ್ಲ, ಸಂಶೋಧನೆ ಮಾಡೋರಿಗೆ ಮಾತ್ರ ಅವಕಾಶ. ಓದೋವಾಗ ಕೆಲಸ ವಾರಕ್ಕೆ 20 ಗಂಟೆ ಮಾತ್ರ, ಅದರಲ್ಲಿ ರೂಮಿನ ಬಾಡಿಗೆ ಹುಟ್ಟಿದರೆ ಪುಣ್ಯ, ತೋಟದ ಬಡ್ಡಿ ಎಲ್ಲಿಂದ? ಅವನಿಗೆ ಇದೆಲ್ಲಾ ಗೊತ್ತಿಲ್ಲದೆ ಇರಲ್ಲ.

ಓದಲೇಬೇಡ ಅಂತ ಹೇಳ್ತಿಲ್ಲ ತಂಗಿ. ಮೊದಲು ಅಲ್ಲೇ ಕೆಲಸದಲ್ಲಿದ್ದುಕೊಂಡು ಇಂಗ್ಲಿಷ್ ಪರೀಕ್ಷೆ ಪಾಸ್ ಮಾಡು. ಐಇಎಲ್‌ಟಿಎಸ್‌ನಲ್ಲಿ ಬರವಣಿಗೆಗೆ 6.5, ಉಳಿದ ಮೂರಕ್ಕೂ 7 ಬೇಕು. ಇಲ್ಲಿ ಹೊರದೇಶದವರನ್ನು ತಗೊಳ್ಳೋದು ಈಗ ಕಡಿಮೆಯಾಗಿದೆ, ಕಾಯಬೇಕಾಗಬಹುದು. ಕಾಯೋ ಹೊತ್ತಲ್ಲಿ ತೋಟ ನಿಮ್ಮದಾಗೇ ಇರುತ್ತೆ. ಮತ್ತೆ ಒಂದು ಮಾತು, ನೀನು ಬಂದರೆ ಮಗುನ ನಿಮ್ಮಮ್ಮ ನೋಡ್ಕೋತಾರೆ ಅಂದೆಯಲ್ಲ, ಅವರನ್ನು ಕೇಳಿದೀಯಾ? ನಿಮ್ಮಪ್ಪನಿಗೆ ಪಾರ್ಶ್ವವಾಯು ಆದಾಗಿನಿಂದ ಅವರು ರಾತ್ರಿ ಪೂರ್ತಿ ಮಲಗಿಲ್ಲ ಅಂತ ನೀನೇ ಹೇಳಿದ್ದೆ. ನಾನು ಆವತ್ತು ನಮ್ಮ ಅತ್ತೆಯನ್ನು ಕೇಳಿರಲಿಲ್ಲ, ಹೇಳಿದ್ದೆ ಅಷ್ಟೇ.

ಮಾವ, ಊರಲ್ಲಿ ಯಾರಾದರೂ ಕೇಳಿದರೆ ಮಗ ನರ್ಸಿಂಗ್ ಓದ್ತಿದ್ದಾನೆ ಅಂತಲೇ ಹೇಳಿ. ಬೆಡ್‌ಪ್ಯಾನ್ ಎತ್ತೋದೂ ಅದರಲ್ಲಿ ಇದೆ, ನಾನೂ ಎತ್ತೀನಿ, ಆ ದುಡ್ಡಲ್ಲೇ ತೋಟದ ಬೋರ್‌ವೆಲ್ ಆಗಿದ್ದು. ಹೋದ ವಾರ ಇವರ ವಾರ್ಡಲ್ಲಿ ಎಂಬತ್ತರ ಒಬ್ಬ ಗುಜರಾತಿ ಅಜ್ಜ ಊಟ ಬೇಡ ಅಂತ ಮುಖ ತಿರುಗಿಸಿ ಮಲಗಿದ್ದರಂತೆ. ಇವರಿಗೆ ಗುಜರಾತಿ ಬರಲ್ಲ, ಪಕ್ಕದಲ್ಲಿ ಕೂತು ಕನ್ನಡದಲ್ಲೇ ಏನೋ ಮಾತಾಡಿದರಂತೆ, ಅಜ್ಜ ನಾಲ್ಕು ಚಮಚ ಮೊಸರನ್ನ ತಿಂದರಂತೆ. ಮನೆಗೆ ಬಂದು ಅದನ್ನೇ ಎರಡು ಸಲ ಹೇಳಿದರು.

ಅತ್ತೆ, ಮೊಣಕಾಲಿನ ಎಕ್ಸ್‌ರೇ ತೆಗೆಸೋಕೆ ಈ ತಿಂಗಳು ಬೇರೆ ದುಡ್ಡು ಕಳಿಸಿದ್ದೀನಿ. ಅದು ಮನೆ ಖರ್ಚಿಗಲ್ಲ. ಚಿತ್ರದುರ್ಗಕ್ಕೆ ಹೋಗಿ ಬಂದು ಫೋಟೋ ಕಳಿಸಿ, ನಾನು ನೋಡ್ತೀನಿ.

ನಾಳೆ ಲಾಂಗ್ ಡೇ, ಐದೂವರೆಗೆ ಏಳಬೇಕು. ಇವರು ಅಡುಗೆಮನೆ ಟೇಬಲಲ್ಲಿ ಹೃದಯದ ಚಿತ್ರ ಬಿಡಿಸ್ತಾ ಕೂತಿದ್ದಾರೆ, ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರ್ಕೊಂಡು ಬಾಯಿಪಾಠ ಮಾಡ್ತಿದ್ದಾರೆ. ಚಳಿಗಾಲದ ಕಥೆ ಮುಂದಿನ ಭಾನುವಾರ.